ಜೀರ್ಣೋದ್ಧಾರವೋ, ಜೀರ್ಣಸಂಹಾರವೋ?

ನಮ್ಮ ಊರುಗಳಲ್ಲಿ ಈಚೆಗೆ ಬಹು ಗೌರವದಿಂದ ಬಳಕೆಯಾಗುತ್ತಿರುವ ಮಾತುಗಳಲ್ಲಿ ‘ಜೀರ್ಣೋದ್ಧಾರ’ವೆಂಬುದೂ ಒಂದು. ಕರಪತ್ರಗಳಲ್ಲಿಯೂ, ಚಂದಾಪುಸ್ತಕಗಳ ಮೊದಲನೆಯ ಪುಟದಲ್ಲಿಯೂ, ದೇವಾಲಯದ ಬಾಗಿಲಿನ ಫಲಕಗಳಲ್ಲಿಯೂ ಅದು ರಾರಾಜಿಸುತ್ತಿರುವುದು. ಜೀರ್ಣವಾದುದನ್ನು ಉದ್ಧರಿಸುವುದು, ಎಂದರೆ ಸವೆದು ಕುಸಿದುದನ್ನು ಎತ್ತಿ ನಿಲ್ಲಿಸುವುದು, ಆ ಶಬ್ದದ ಅರ್ಥ. ಇದನ್ನು ತಿಳಿಯಲು ಮಹಾಪಾಂಡಿತ್ಯವೇನೂ ಬೇಡ. ಸಂಧಿಯನ್ನು ಬಿಡಿಸಬಲ್ಲ ಬಾಲಕನೂ ಹೇಳಿಯಾನು. ಆದರೆ ಆ ಹೆಸರಿನಲ್ಲಿ ನಡೆಯುತ್ತಿರುವ ಕಾರ್ಯಗಳನ್ನು ನೋಡಿದರೆ, ಹಳೆಯದನ್ನು ಒಡೆದು ಹೊರಗೆಸೆದು ಅದರ ಸ್ಥಳದಲ್ಲಿ ಹೊಸದೊಂದನ್ನು ಕಟ್ಟುವುದೇ ಜೀರ್ಣೋದ್ಧಾರವೆಂದು ಜನರು ಭಾವಿಸಿರುವಂತೆ ತೋರುತ್ತದೆ. ರೋಗಿಯನ್ನು ಕೊಂದು, ಅವನ ಹಾಸಿಗೆಯಲ್ಲಿ ಮತ್ತೊಬ್ಬನನ್ನು ಮಲಗಿಸಿ, ಚಿಕಿತ್ಸೆಯು ಫಲಿಸಿತೆಂದು ಹೇಳುವ ವೈದ್ಯನನ್ನು ಯಾರಾದರೂ ಮೆಚ್ಚುವರೆ?

ನಮ್ಮ ಸಣ್ಣ ಪಟ್ಟಣಗಳ ಪ್ರಾಚೀನ ಕಟ್ಟಡಗಳಿಗೆ ಒದಗುವ ವಿಪತ್ತುಗಳನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಮಳೆ, ಗಾಳಿ, ಅಶ್ವತ್ಥದ ಬೇರು, ಅಧಿಕಾರಿಗಳ ಉದಾಸೀನತೆ ಇವುಗಳನ್ನು ದೂರುವರು. ಇವೆಲ್ಲವೂ ನಿಜವೇ. ಆದರೆ ಇವುಗಳಿಗಿಂತಲೂ ಘೋರವಾದ ವಿಪತ್ತು ಭಕ್ತರಿಂದಲೂ, ದಾನಿಗಳಿಂದಲೂ, ಊರಿನ ಹಿತವನ್ನೇ ಬಯಸುವ ಸಜ್ಜನರಿಂದಲೂ ಬರುತ್ತಿದೆಯೆಂಬುದು ನನ್ನ ವಾದ. ಅಪ್ರಿಯವಾದರೂ ಇದನ್ನು ಹೇಳದೆ ವಿಧಿಯಿಲ್ಲ. ಮಳೆಯು ನೂರು ವರ್ಷಗಳಲ್ಲಿ ಮಾಡಲಾರದ ಕೆಡುಕನ್ನು ಒಬ್ಬ ಉದಾರಿಯಾದ ದಾನಿಯು ಒಂದು ಬೇಸಿಗೆಯಲ್ಲಿ ಮಾಡಿ ಮುಗಿಸಬಲ್ಲನು.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಏನು ತಿಳಿದಿದ್ದರೆಂಬುದನ್ನು ಮೊದಲು ವಿಚಾರಿಸೋಣ. ಕನ್ನಡನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಪದಪುಂಜವು ಚಿರಪರಿಚಿತವಾದುದು. ದೇವರ ನೈವೇದ್ಯಕ್ಕೆ, ನಂದಾದೀಪಕ್ಕೆ, ವಿದ್ಯಾರ್ಥಿಗಳ ಅಶನಕ್ಕೆ ಭೂಮಿಯನ್ನು ಬಿಡುವಾಗ, ಅದರ ಜೊತೆಯಲ್ಲಿಯೇ, ಮುರಿದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆಂದು ಒಂದು ಅಂಶವನ್ನು ಅವರು ಗೊತ್ತುಮಾಡುತ್ತಿದ್ದರು. ಕಟ್ಟಡವು ಇನ್ನೂ ಹೊಸದಾಗಿದ್ದಾಗಲೇ ಅದು ಮುಂದೆ ಬಿರಿಯುವುದೆಂಬುದನ್ನು ಅರಿತು, ವರ್ಷ ವರ್ಷವೂ ನಡೆಯಬೇಕಾದ ರಿಪೇರಿಗೆ ವರ್ಷ ವರ್ಷವೂ ಬರುವ ಆದಾಯವನ್ನು ಏರ್ಪಡಿಸಿದ ಆ ದೂರದೃಷ್ಟಿಯನ್ನು ನೋಡಿರಿ! ಅಷ್ಟೇ ಅಲ್ಲ, ತಾನೇ ದಾನಮಾಡುವುದಕ್ಕಿಂತಲೂ ಹಿಂದಿನವರ ದಾನವನ್ನು ಕಾಪಾಡುವುದು ಹೆಚ್ಚಿನ ಪುಣ್ಯವೆಂಬ ಅಭಿಪ್ರಾಯವು ಆ ಶಾಸನಗಳ ಕೊನೆಯ ಶ್ಲೋಕಗಳಲ್ಲಿ ಮತ್ತೆ ಮತ್ತೆ ಬರುವುದು. ದಾನಿಗಿಂತ ಪಾಲಕನೇ ಮೇಲೆಂದು ಬಗೆದ ಸಮಾಜವದು. ದಾನಿಯ ಹೆಸರನ್ನು ಗೋಡೆಯ ತುಂಬ ಕೆತ್ತಿಸಿ, ಪಾಲಿಸಿದವನನ್ನು ಯಾರೆಂದೂ ಕೇಳದ ಸಮಾಜವು ನಮ್ಮದು.

ಶಿಲ್ಪಶಾಸ್ತ್ರವೂ ಇದೇ ಪಕ್ಷದಲ್ಲಿದೆ. ಮಯಮತದಲ್ಲಿ ಈ ವಿಷಯಕ್ಕೆಂದೇ ಒಂದು ಅಧ್ಯಾಯವುಂಟು. ಆಲಯದ ಲಕ್ಷಣಗಳು ಇನ್ನೂ ಗೋಚರಿಸುತ್ತಿರುವವರೆಗೆ ಅದರದೇ ದ್ರವ್ಯಗಳಿಂದ ಅದನ್ನು ಸರಿಪಡಿಸತಕ್ಕದ್ದೆಂಬುದು ಅಲ್ಲಿಯ ತಾತ್ಪರ್ಯ. ಸಂಪೂರ್ಣವಾಗಿ ನಷ್ಟವಾದುದನ್ನು ಹೊಸದಾಗಿ ಕಟ್ಟುವುದಕ್ಕೆ ಶಾಸ್ತ್ರದ ಸಮ್ಮತಿಯಿರುವುದೇನೋ ಹೌದು. ಆದರೆ ಸೂರು ಸೋರುತ್ತದೆಯೆಂಬ ಕಾರಣದಿಂದ ನಾಲ್ಕುನೂರು ವರ್ಷದ ಮಂಟಪವನ್ನು ಕೆಡವುವುದಕ್ಕೆ ಯಾವ ಆಗಮದ ಆಧಾರವಿದೆಯೆಂಬುದನ್ನು ಬಲ್ಲವರು ತೋರಿಸಲಿ.

ಹೀಗಿದ್ದ ಪದ್ಧತಿಯು ಕೆಟ್ಟುದು ಹೇಗೆ? ಇದಕ್ಕೆ ಒಂದು ಲೌಕಿಕವಾದ ಕಾರಣವಿದೆ. 1955ರಲ್ಲಿ ಮೈಸೂರು ಸಂಸ್ಥಾನದ ಧಾರ್ಮಿಕ ಇನಾಮುಗಳನ್ನು ರದ್ದುಮಾಡುವ ಕಾನೂನು ಬಂದಿತು. ಉಳುವವನಿಗೆ ನೆಲವು ದೊರೆತುದು ನ್ಯಾಯವೇ. ಅದನ್ನು ನಾನು ಆಕ್ಷೇಪಿಸುವವನಲ್ಲ. ಆದರೆ ನೆಲದ ಜೊತೆಯಲ್ಲಿ ಆ ‘ಖಂಡಸ್ಫುಟಿತ’ದ ಆದಾಯವೂ ಹೋಯಿತು. ಅದಕ್ಕೆ ಬದಲಾಗಿ ಬಂದ ತಸ್ತೀಕಿನ ಹಣವು ಬೆಲೆಗಳು ಏರಿದಂತೆ ದೀಪದ ಎಣ್ಣೆಗೂ ಸಾಲದಂತಾಯಿತು. ವರ್ಷಕ್ಕೊಮ್ಮೆ ಸೂರಿನ ಮೇಲಿನ ಗಿಡವನ್ನು ಕಿತ್ತು, ಬಿರುಕಿಗೆ ಗಾರೆಯನ್ನು ತುಂಬುವ ಕೆಲಸವು ನಿಂತುಹೋಯಿತು. ಐವತ್ತು ವರ್ಷಗಳ ಅನಂತರ ಕಟ್ಟಡವು ನಿಜವಾಗಿಯೂ ಶಿಥಿಲವಾದಾಗ, ಒಮ್ಮೆಗೇ ದೊಡ್ಡ ಮೊತ್ತವನ್ನು ಕೊಡಬಲ್ಲ ದಾನಿಯು ಮುಂದೆ ಬರುವನು. ಅವನಿಗೆ ಬಿರುಕು ಮುಚ್ಚುವುದರಲ್ಲಿ ಆಸಕ್ತಿಯಿಲ್ಲ. ಮುಚ್ಚಿದ ಬಿರುಕು ಕಣ್ಣಿಗೆ ಕಾಣದು. ಹೊಸ ಗೋಪುರವು ಹರಿದಾರಿಯಿಂದಲೇ ಕಾಣುವುದು!

ಇನ್ನು ಈ ನವೀನ ಜೀರ್ಣೋದ್ಧಾರದ ವಿಧಾನವನ್ನು ಪರೀಕ್ಷಿಸೋಣ. ಮೊದಲನೆಯದಾಗಿ, ಕಪ್ಪಾದ ಕಲ್ಲನ್ನು ಬೆಳ್ಳಗೆ ಮಾಡಬೇಕೆಂದು ಯಂತ್ರದಿಂದ ಮರಳನ್ನು ರಭಸವಾಗಿ ಸಿಡಿಸುವರು. ಸುಣ್ಣ, ಎಣ್ಣೆ, ಮಸಿಗಳ ಜೊತೆಯಲ್ಲಿ ಕಲ್ಲಿನ ಮೇಲ್ಪದರವೂ ಹೋಗುವುದು; ಕೆತ್ತನೆಯ ಅಂಚುಗಳು ಮೊಂಡಾಗುವುವು; ಆಳವಿಲ್ಲದ ಶಾಸನಾಕ್ಷರಗಳು ಅಳಿಸಿಹೋಗುವುವು. ಎರಡನೆಯದಾಗಿ, ಕಂಬಗಳಿಗೂ ದ್ವಾರಪಾಲಕರಿಗೂ ಹೊಳೆಯುವ ಎಣ್ಣೆಬಣ್ಣವನ್ನು ಬಳಿಯುವರು. ಮೂರನೆಯದಾಗಿ, ಸವೆದ ಕಲ್ಲುಹಾಸನ್ನು ಕಿತ್ತು ಕನ್ನಡಿಯಂತಹ ಬಿಲ್ಲೆಗಳನ್ನು ಹಾಕುವರು; ಮಳೆಗಾಲದಲ್ಲಿ ವೃದ್ಧರು ಅದರ ಮೇಲೆ ಜಾರಿ ಬೀಳುವರು. ಕಿತ್ತ ಕಲ್ಲುಗಳಲ್ಲಿ ಶಾಸನವಿದ್ದಿತೆ ಎಂದು ತಿರುಗಿಸಿ ನೋಡುವವರು ವಿರಳ. ಅವು ಚರಂಡಿಯ ಮೇಲಿನ ಹಾಸಾಗಿಯೋ, ಬಟ್ಟೆ ಒಗೆಯುವ ಕಲ್ಲಾಗಿಯೋ ಜನ್ಮಾಂತರವನ್ನು ಹೊಂದುವುವು.

ನಾಲ್ಕನೆಯದು ಎಲ್ಲಕ್ಕಿಂತಲೂ ಮೋಸದ್ದು: ಹಳೆಯ ಗಾರೆಯ ಗೋಡೆಗೆ ಸಿಮೆಂಟಿನ ಲೇಪ. ಸುಣ್ಣ, ಮರಳು, ಇಟ್ಟಿಗೆಯ ಪುಡಿಗಳನ್ನು ಬೆರಸಿ, ಅಳಲೆಕಾಯಿಯನ್ನೂ ಬೆಲ್ಲವನ್ನೂ ನೆನಸಿದ ನೀರನ್ನು ಸೇರಿಸಿ ಅರೆದ ನಮ್ಮ ಗಾರೆಯು ಮೃದುವಾದುದು, ಉಸಿರಾಡುವಂತಹುದು. ಗೋಡೆಯು ಹೀರಿದ ತೇವವು ಅದರ ಮೂಲಕ ಹೊರಗೆ ಹೋಗಿ ಆರುವುದು. ಗೋಡೆಯು ಕೊಂಚ ಅಲುಗಿದರೂ ಗಾರೆಯು ಅದನ್ನು ತಾಳಿಕೊಳ್ಳುವುದು. ಸಿಮೆಂಟು ಹಾಗಲ್ಲ. ಅದು ಗಡುಸು, ತೇವವನ್ನು ಒಳಗೇ ತಡೆದಿಡುವುದು. ಹೊರಗೆ ಬರಲು ದಾರಿಯಿಲ್ಲದ ನೀರು ಇಟ್ಟಿಗೆಯಲ್ಲಿ ಉಳಿದು, ಅದರಲ್ಲಿ ಕರಗಿದ ಲವಣಗಳು ಹರಳುಗಟ್ಟಿ, ಇಟ್ಟಿಗೆಯನ್ನೇ ಒಳಗಿನಿಂದ ಪುಡಿಮಾಡುವುವು. ಮೇಲೆ ನುಣುಪಾದ ಲೇಪ, ಒಳಗೆ ಹಿಟ್ಟಾಗುತ್ತಿರುವ ಗೋಡೆ! ಕೆಲವು ವರ್ಷಗಳ ಮೇಲೆ ಅದು ಉದುರಿದಾಗ, “ನೋಡಿರಿ, ಹಳೆಯ ಕಟ್ಟಡವು ನಿಲ್ಲಲಾರದು, ಕೆಡವುವುದೇ ಲೇಸು” ಎಂದು ಅದೇ ಮಹನೀಯರು ತೀರ್ಪುಕೊಡುವರು. ತಾವೇ ವಿಷವನ್ನಿಕ್ಕಿ ತಾವೇ ಮರಣವನ್ನು ನಿಶ್ಚಯಿಸುವ ಈ ಚಾತುರ್ಯಕ್ಕೆ ಏನೆನ್ನೋಣ!

ಈಗ ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಕಾವೇರಿಯ ಎರಡು ತೋಳುಗಳ ನಡುವಣ ಈ ಪುಟ್ಟ ಊರಿನಲ್ಲಿರುವಷ್ಟು ಚರಿತ್ರೆಯು ಅನೇಕ ಮಹಾನಗರಗಳಲ್ಲಿಲ್ಲ. 1610ರಲ್ಲಿ ರಾಜ ಒಡೆಯರ ವಶವಾದುದು ಮೊದಲ್ಗೊಂಡು 1799ರ ವರೆಗೆ ಇದು ಮೈಸೂರಿನ ರಾಜಧಾನಿ. ಶ್ರೀರಂಗನಾಥನ ಆಲಯ, ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ನರಸಿಂಹನ ಗುಡಿ, 1784ರ ದರಿಯಾ ದೌಲತ್, 1787ರ ಜುಮ್ಮಾ ಮಸೀದಿ, ಗಂಜಾಮಿನ ಕಡೆಯ ಅಬ್ಬೆ ದ್ಯುಬುವಾರ ಇಗರ್ಜಿ, 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ಕಲ್ಲುಕಂಬಗಳ ಸೇತುವೆ, ಇವೆಲ್ಲವೂ ನಡೆದು ನೋಡಬಹುದಾದಷ್ಟು ಸಮೀಪದಲ್ಲಿವೆ. 2014ರಲ್ಲಿ ಈ ದ್ವೀಪನಗರದ ಸ್ಮಾರಕಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಸಂಭಾವ್ಯಪಟ್ಟಿಯಲ್ಲಿಯೂ ಸೇರಿದವು.

ಈ ಊರು ಕಳೆದುಕೊಂಡುದೂ ಕಡಮೆಯೇನಲ್ಲ. ಟಿಪ್ಪುವಿನ ಲಾಲ್ ಮಹಲೆಂಬ ಅರಮನೆಯು ಇಂದು ಇಲ್ಲ. ಅದರ ಬುನಾದಿಯ ಅವಶೇಷಗಳು ಮಾತ್ರವಿವೆ. ಅದರ ತೊಲೆಗಳೆಲ್ಲಿ ಹೋದವು? 1829ರಲ್ಲಿ ಉದಕಮಂಡಲದಲ್ಲಿ ಕಟ್ಟಲಾರಂಭಿಸಿದ ಸಂತ ಸ್ಟೀಫನ್ನನ ಇಗರ್ಜಿಗೆ ಆ ಅರಮನೆಯ ಮರವನ್ನು ಬೆಟ್ಟವೇರಿಸಿ ಸಾಗಿಸಿದರು. ಗೆದ್ದವರು ಸೋತವರ ಮನೆಯ ತೊಲೆಯನ್ನು ಕೊಂಡೊಯ್ದುದರಲ್ಲಿ ಆಶ್ಚರ್ಯವಿಲ್ಲ. ಅದು ಯುದ್ಧದ ರೀತಿ. ಆದರೆ ಇಂದು ಯಾವ ಯುದ್ಧವೂ ಇಲ್ಲದೆ, ಯಾವ ಶತ್ರುವೂ ಇಲ್ಲದೆ, ನಮ್ಮ ಪಟ್ಟಣಗಳ ತೊಟ್ಟಿಮನೆಗಳ ಕಂಬಗಳನ್ನೂ ಬಾಗಿಲುವಾಡಗಳನ್ನೂ ನಾವೇ ಬಿಚ್ಚಿ ಹಳೆಯ ಸಾಮಾನಿನ ವ್ಯಾಪಾರಿಗಳಿಗೆ ಮಾರುತ್ತಿರುವೆವಲ್ಲ! ಅವು ನಗರಗಳ ಹೋಟೆಲುಗಳನ್ನೂ ಧನಿಕರ ತೋಟದ ಮನೆಗಳನ್ನೂ ಅಲಂಕರಿಸುತ್ತಿವೆ. ಇಲ್ಲಿ ಗೆದ್ದವರು ಯಾರು, ಸೋತವರು ಯಾರು?

ಪೂರ್ವಪಕ್ಷದ ಮಾತುಗಳನ್ನು ಕೇಳದೆ ಸಿದ್ಧಾಂತವನ್ನು ಹೇಳುವುದು ನ್ಯಾಯವಲ್ಲ. ಆದಕಾರಣ ಸಾಮಾನ್ಯವಾಗಿ ಎದುರಾಗುವ ನಾಲ್ಕು ಆಕ್ಷೇಪಗಳನ್ನು ವಿಚಾರಿಸುತ್ತೇನೆ.

“ಬದುಕಿರುವವರಿಗೆ ರಸ್ತೆ, ನೀರು, ರೈಲು ಬೇಕು, ಸತ್ತವರ ಕಲ್ಲುಗಳಿಗಾಗಿ ಇವನ್ನು ನಿಲ್ಲಿಸಲಾದೀತೆ?” ಎಂಬುದು ಮೊದಲನೆಯದು. ನಿಲ್ಲಿಸಬೇಕೆಂದು ಯಾರೂ ಹೇಳಿಲ್ಲ. ಬೆಂಗಳೂರು ಮೈಸೂರು ರೈಲುದಾರಿಯನ್ನು ಜೋಡಿಮಾರ್ಗವನ್ನಾಗಿ ಮಾಡುವಾಗ ಶ್ರೀರಂಗಪಟ್ಟಣದ ಕೋಟೆಯೊಳಗಿನ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡಲಾಗಿದ್ದಿತು. ಅದನ್ನು ಒಡೆಯುವುದು ಅರ್ಧದಿನದ ಕೆಲಸ. ಹಾಗೆ ಮಾಡದೆ, 2017ರ ಮಾರ್ಚಿ ತಿಂಗಳಲ್ಲಿ, ಸುಮಾರು 1,000 ಟನ್ನು ತೂಕದ ಆ ಇಟ್ಟಿಗೆಗಾರೆಯ ಕಟ್ಟಡವನ್ನು ಬುಡಸಹಿತವಾಗಿ ಎತ್ತಿ, ಜಾಕಿಗಳ ಸಹಾಯದಿಂದ ಸರಿಸಿ, ನೂರು ಮೀಟರಿಗೂ ದೂರದಲ್ಲಿ ಕೂರಿಸಿದರು. ಕಟ್ಟಡವೂ ಉಳಿಯಿತು, ರೈಲೂ ಓಡುತ್ತಿದೆ. ನಮ್ಮ ಜಿಲ್ಲೆಯದೇ ಮತ್ತೊಂದು ಉದಾಹರಣೆಯುಂಟು. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಹೊಯ್ಸಳ ದೇವಾಲಯವನ್ನು, ಈ ಶತಮಾನದ ಆರಂಭದಲ್ಲಿ ಒಂದು ಖಾಸಗಿ ಧರ್ಮಸಂಸ್ಥೆಯವರು ಕಲ್ಲುಕಲ್ಲಿಗೂ ಗುರುತುಹಾಕಿ ಬಿಚ್ಚಿ, ಎತ್ತರದ ನೆಲದಲ್ಲಿ ಅದೇ ಕಲ್ಲುಗಳಿಂದ ಮತ್ತೆ ನಿಲ್ಲಿಸಿದರು. ಜೀರ್ಣೋದ್ಧಾರವೆಂಬ ಹೆಸರಿಗೆ ತಕ್ಕ ಕೆಲಸವೆಂದರೆ ಇದು! ಮನಸ್ಸಿದ್ದರೆ ಮಾರ್ಗವುಂಟೆಂಬುದಕ್ಕೆ ಬೇರೆ ಪ್ರಮಾಣವೇಕೆ?

“ಭಕ್ತಿಗೆ ಹೊಸತು ಬೇಕು, ದೇವರ ಮನೆಯು ಮಾಸಲಾಗಿರಬಹುದೆ?” ಎಂಬುದು ಎರಡನೆಯದು. ಶುಚಿತ್ವವೇ ಬೇರೆ, ನವೀನತೆಯೇ ಬೇರೆ. ಗರ್ಭಗುಡಿಯಲ್ಲಿ ಕಸಗುಡಿಸಿ, ಬಾವಲಿಗಳನ್ನು ಓಡಿಸಿ, ಸೂರಿನ ನೀರು ಹರಿದುಹೋಗಲು ದಾರಿಮಾಡಿ, ಬತ್ತಿದ ಕೊಳದ ಹೂಳನ್ನು ತೆಗೆದರೆ ದೇವರಿಗೆ ಸಾಲದೆ? ಹತ್ತು ತಲೆಮಾರಿನವರು ಹಣೆಯಿಟ್ಟು ನಮಸ್ಕರಿಸಿದ ಹೊಸ್ತಿಲನ್ನು ಕಿತ್ತೆಸೆದು, ಯಂತ್ರದಲ್ಲಿ ಕೊಯ್ದ ಕಲ್ಲನ್ನಿಟ್ಟರೆ ಭಕ್ತಿಯು ಹೆಚ್ಚುವುದೆಂಬುದನ್ನು ನಾನು ಒಪ್ಪಲಾರೆ. ವೃದ್ಧಳಾದ ತಾಯಿಯ ಸುಕ್ಕುಗಟ್ಟಿದ ಮುಖವನ್ನು ನೋಡಿ ಯಾವ ಮಗನಾದರೂ ಹೊಸ ತಾಯಿಯನ್ನು ತರುವೆನೆಂದು ಹೊರಡುವನೆ?

“ಇವುಗಳಲ್ಲಿ ಅರ್ಧವು ನಮ್ಮವರದಲ್ಲ, ಅನ್ಯರ ಕಟ್ಟಡಗಳು ಬಿದ್ದರೆ ನಮಗೇನು?” ಎಂದು ಮೆಲ್ಲಗೆ ಹೇಳುವವರೂ ಉಂಟು. ಇದು ಮೂರನೆಯ ಆಕ್ಷೇಪ. ಎಲ್ಲ ಕಡೆಯವರ ಬಾಯಲ್ಲಿಯೂ ನಾನು ಕೇಳಿರುವುದು. ಇವರಿಗೆ ಆ ಕಲ್ಲಿನ ಸೇತುವೆಯನ್ನು ತೋರಿಸಿ, ಇದು ಯಾರದೆಂದು ಕೇಳಬೇಕು. ಕಟ್ಟಿಸಿದವರು ಪೂರ್ಣಯ್ಯನವರು, ಹೈದರನಲ್ಲಿಯೂ ಟಿಪ್ಪುವಿನಲ್ಲಿಯೂ ಅಧಿಕಾರಿಗಳಾಗಿದ್ದು, ಅನಂತರ ಒಡೆಯರಿಗೆ ದಿವಾನರಾದ ಮಾಧ್ವಬ್ರಾಹ್ಮಣರು. ಆಗ ಸಿಂಹಾಸನದಲ್ಲಿದ್ದವರು ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರು. ಇಟ್ಟ ಹೆಸರು ಆಂಗ್ಲರ ಗವರ್ನರ್ ಜನರಲ್ ವೆಲ್ಲೆಸ್ಲಿಯದು. ಕಲ್ಲನ್ನು ಕಡಿದು ನಿಲ್ಲಿಸಿದವರು ಹೆಸರೇ ಉಳಿಯದ ಕುಟಿಗರು. ಎರಡು ಶತಮಾನಗಳ ಕಾಲ ಅದರ ಮೇಲೆ ಬತ್ತದ ಗಾಡಿಯನ್ನು ಹೊಡೆದವರು ಎಲ್ಲ ಜಾತಿಯ ರೈತರು. ಈ ಒಂದು ಸೇತುವೆಯನ್ನು ಪಾಲುಮಾಡಿ ಹಂಚಿಕೊಳ್ಳಬಲ್ಲ ವಕೀಲನು ಯಾವನು? ದರಿಯಾ ದೌಲತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ. ಅದರಲ್ಲಿ ಸೋತವರು ಆಂಗ್ಲರು. ಆ ಚಿತ್ರಗಳು ಮಾಸಿದಾಗ ಅವುಗಳನ್ನು ಮತ್ತೆ ಬರೆಯಿಸಲು ಅಪ್ಪಣೆಮಾಡಿದವನು ಆಂಗ್ಲರವನೇ ಆದ ಡಾಲ್‌ಹೌಸಿ. ತನ್ನವರ ಸೋಲಿನ ಚಿತ್ರವನ್ನು ಪರಕೀಯನು ಉಳಿಸಿದನು. ನಮ್ಮ ನಾಡಿನ ಚರಿತ್ರೆಯನ್ನು ನಾವು ಉಳಿಸಲಾರೆವೆ? ಒಬ್ಬೊಬ್ಬನೂ ತನಗೆ ಸೇರದುದನ್ನು ಬಿಡುತ್ತ ಹೋದರೆ ಕೊನೆಗೆ ಊರಿನಲ್ಲಿ ಉಳಿಯುವುದು ಧೂಳು ಮಾತ್ರ.

“ಇದು ಸರ್ಕಾರದ ಕೆಲಸ, ನಮಗೇಕೆ?” ಎಂಬುದು ನಾಲ್ಕನೆಯದು. ರಾಷ್ಟ್ರೀಯ ಮಹತ್ತ್ವದ ಸ್ಮಾರಕಗಳನ್ನು ರಕ್ಷಿಸುವ ಹೊಣೆಯನ್ನು ಸಂವಿಧಾನದ 49ನೆಯ ಅನುಚ್ಛೇದವು ಸರ್ಕಾರಕ್ಕೆ ವಹಿಸಿದೆ, ದಿಟ. ಆದರೆ 1976ರಲ್ಲಿ ಸೇರಿದ 51ಎ ಅನುಚ್ಛೇದವು ನಮ್ಮ ಸಂಮಿಶ್ರ ಸಂಸ್ಕೃತಿಯ ಸಂಪತ್ತನ್ನು ಗೌರವಿಸಿ ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದೂ ಹೇಳುತ್ತದೆ. ಇದಲ್ಲದೆ ಸರ್ಕಾರದ ಪಟ್ಟಿಯಲ್ಲಿರುವುವು ಕೋಟೆ, ಅರಮನೆ, ದೊಡ್ಡ ದೇವಾಲಯಗಳು. ಬೀದಿಯ ಜಗಲಿಮನೆ, ಅರವಟ್ಟಿಗೆಯ ಮಂಟಪ, ಸೋಪಾನದ ಬಾವಿ, ಊರಮುಂದಿನ ವೀರಗಲ್ಲು, ಹಳೆಯ ಪಾಠಶಾಲೆ ಇವುಗಳು ಯಾವ ಪಟ್ಟಿಯಲ್ಲಿವೆ? ಇವುಗಳನ್ನು ಕಾಯಲು ಊರಿನವರಲ್ಲದೆ ಬೇರೆ ಯಾರೂ ಬರಲಾರರು.

ಇಲ್ಲಿ ಒಂದು ನ್ಯಾಯವಾದ ದೂರನ್ನು ಮರೆಮಾಚಲಾಗದು. 1958ರ ಪ್ರಾಚೀನಸ್ಮಾರಕಗಳ ಕಾನೂನಿಗೆ 2010ರಲ್ಲಿ ಮಾಡಿದ ತಿದ್ದುಪಡಿಯು ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸಿತು. ಅದರಾಚೆಯ 200 ಮೀಟರಿನಲ್ಲಿ ಅಪ್ಪಣೆಯನ್ನು ಕಡ್ಡಾಯಮಾಡಿತು. ಶ್ರೀರಂಗಪಟ್ಟಣದಂತಹ ಊರಿನಲ್ಲಿ, ಎಲ್ಲಿ ನಿಂತರೂ ಯಾವುದೋ ಒಂದು ಸ್ಮಾರಕದ ನೆರಳಿನಲ್ಲಿಯೇ ನಿಂತಂತಾಗುವುದು. ಬಚ್ಚಲಿನ ಗೋಡೆಯನ್ನು ಸರಿಪಡಿಸಲು ಅರ್ಜಿ ಹಿಡಿದು ಅಲೆಯುವ ಬಡ ಗೃಹಸ್ಥನಿಗೆ ಚರಿತ್ರೆಯ ಮೇಲೆ ಪ್ರೀತಿಯು ಹುಟ್ಟುವುದೆಂತು? ಹಳೆಯ ಮನೆಯನ್ನು ಹಳೆಯ ರೀತಿಯಲ್ಲಿಯೇ ಸರಿಪಡಿಸುವವನಿಗೆ ಬೇಗನೆ ಅಪ್ಪಣೆಯನ್ನೂ, ಗಾರೆಯ ಕೆಲಸಗಾರನ ಕೂಲಿಯಲ್ಲಿ ಸಹಾಯವನ್ನೂ ಕೊಡಬೇಕಾದುದು ಸರ್ಕಾರದ ಧರ್ಮ. ತಡೆಯುವುದರಲ್ಲಿ ತೋರುವ ಶ್ರದ್ಧೆಯ ನಾಲ್ಕನೆಯ ಒಂದು ಪಾಲನ್ನು ನೆರವಾಗುವುದರಲ್ಲಿ ತೋರಿದರೆ ಸಾಕು.

ಕೇವಲ ದೂಷಣೆಯಿಂದ ಪ್ರಯೋಜನವಿಲ್ಲ. ಊರಿನವರು ತಾವಾಗಿಯೇ ಮಾಡಬಹುದಾದ ಕಾರ್ಯಗಳಿವೆ. ಮೊದಲನೆಯದು, ಪ್ರತಿಯೊಂದು ಪಟ್ಟಣಕ್ಕೂ ಒಂದು ದಫ್ತರ: ಹಳೆಯ ಮನೆ, ಮಂಟಪ, ಬಾವಿ, ಶಿಲಾಶಾಸನಗಳೆಲ್ಲವನ್ನೂ ಚಿತ್ರಸಹಿತವಾಗಿ ಬರೆದಿಡುವುದು. ಶಾಲೆಯ ಮೇಲಿನ ತರಗತಿಯ ಮಕ್ಕಳೂ ನಮ್ಮಂತಹ ಸಾಹಿತ್ಯಸಂಘಗಳೂ ಸೇರಿದರೆ ಒಂದು ವರ್ಷದಲ್ಲಿ ಇದು ಮುಗಿಯುವುದು. ಬಿ. ಎಲ್. ರೈಸ್ ಅವರು ಈ ಸೀಮೆಯ ಶಾಸನಗಳನ್ನು 1894ರಷ್ಟು ಹಿಂದೆಯೇ ಗ್ರಂಥರೂಪದಲ್ಲಿ ಪ್ರಕಟಿಸಿದರು. ಆ ಗ್ರಂಥವನ್ನು ಕೈಯಲ್ಲಿ ಹಿಡಿದು, ಅದರಲ್ಲಿರುವ ಕಲ್ಲುಗಳಲ್ಲಿ ಎಷ್ಟು ಇನ್ನೂ ಸ್ವಸ್ಥಾನದಲ್ಲಿವೆಯೆಂದು ಹುಡುಕುವುದಕ್ಕಿಂತ ಒಳ್ಳೆಯ ಚರಿತ್ರೆಯ ಪಾಠವು ಮಕ್ಕಳಿಗೆ ಇನ್ನಾವುದು?

ಎರಡನೆಯದು, ಚಿತ್ರ, ಅಳತೆ, ಶಾಸನದ ಪಡಿಯಚ್ಚು ಇವುಗಳನ್ನು ತೆಗೆಯುವವರೆಗೆ ಒಂದು ಕಲ್ಲನ್ನೂ ಕದಲಿಸೆವೆಂದು ದೇವಾಲಯದ ಸಮಿತಿಗಳು ನಿರ್ಣಯಿಸುವುದು. ಮೂರನೆಯದು, ಬಂದ ದಾನದಲ್ಲಿ ಒಂದು ಪಾಲನ್ನು ಮುಟ್ಟದ ನಿಧಿಯಾಗಿಟ್ಟು, ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಸೂರನ್ನು ಪರೀಕ್ಷಿಸಿ ಬಿರುಕುಗಳನ್ನು ಮುಚ್ಚಿಸುವುದು. ಅದಕ್ಕೆ ‘ಖಂಡಸ್ಫುಟಿತ ನಿಧಿ’ಯೆಂದೇ ಹೆಸರಿಡಲಿ, ಹಳೆಯ ಮಾತಿಗೆ ಹಳೆಯ ಅರ್ಥವು ಮರಳಿ ಬರಲಿ. ನಾಲ್ಕನೆಯದು, ಗಾರೆ ಅರೆಯಬಲ್ಲ, ಗಚ್ಚಿನ ಕೆಲಸವನ್ನು ಬಲ್ಲ ವೃದ್ಧರು ಇನ್ನೂ ಎಲ್ಲಿಯಾದರೂ ಇದ್ದರೆ, ಅವರ ಬಳಿಗೆ ಇಬ್ಬರು ತರುಣರನ್ನಾದರೂ ಕೂಲಿಕೊಟ್ಟು ಕಲಿಯಲು ಕಳುಹಿಸುವುದು. ಆ ವಿದ್ಯೆಯು ಹೋದರೆ ಹಣವಿದ್ದೂ ನಾವು ದರಿದ್ರರಾಗುವೆವು.

ದಾನಿಗಳಲ್ಲಿ ನನ್ನದೊಂದು ವಿಜ್ಞಾಪನೆ. ತಮ್ಮ ಔದಾರ್ಯವನ್ನು ನಾನು ಹಳಿಯುತ್ತಿಲ್ಲ. ಅದಿಲ್ಲದೆ ಯಾವ ಕಾರ್ಯವೂ ನಡೆಯದು. ಹಣವನ್ನು ಕೊಡುವ ಮೊದಲು ಒಂದು ಪ್ರಶ್ನೆಯನ್ನು ಕೇಳಿರಿ: “ಇದರಿಂದ ಯಾವುದು ಉಳಿಯುವುದು?” ಎಂದು. ‘ಯಾವುದು ಹೊಸದಾಗಿ ಬರುವುದು’ ಎಂಬ ಪ್ರಶ್ನೆಗೆ ಎಲ್ಲರೂ ಉತ್ತರ ಹೇಳಬಲ್ಲರು. ಉಳಿಯುವುದು ಯಾವುದೆಂಬುದಕ್ಕೆ ಉತ್ತರ ಬರದಿದ್ದರೆ, ಹಣದ ಚೀಲವನ್ನು ಕಟ್ಟಿಕೊಂಡು ಮನೆಗೆ ಹಿಂದಿರುಗಿರಿ. ಅಂದು ತಾವು ಕೊಡದೆ ಬಂದುದೇ ಆ ಊರಿಗೆ ತಾವು ಮಾಡಿದ ದೊಡ್ಡ ದಾನವಾಗುವುದು.